ಲ್ಯಾಮಿವುಡಿನ್: ಸೋತ ಮೇಲೂ ಕೈಬಿಡದ ಔಷಧಿ

ಎಚ್‌ಐವಿಯೊಂದಿಗೆ ಬದುಕುತ್ತಿರುವ, ಸರ್ಕಾರಿ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧಿಗಳ ಚಿಕಿತ್ಸೆ) ಕೇಂದ್ರದಿಂದ ಚಿಕಿತ್ಸೆ ಪಡೆಯುವ ವಯಸ್ಕರಲ್ಲಿ ಹೆಚ್ಚಿನವರು ಈಗ ದಿನಕ್ಕೆ ನುಂಗುವುದು ಒಂದೇ ಮಾತ್ರೆ. ಆ ಒಂದು ಮಾತ್ರೆಯೊಳಗೆ ಮೂರು ಔಷಧಿಗಳಿವೆ: 300 ಮಿಲಿಗ್ರಾಂ ಟೆನೊಫೋವಿರ್, 300 ಮಿಲಿಗ್ರಾಂ ಲ್ಯಾಮಿವುಡಿನ್ ಮತ್ತು 50 ಮಿಲಿಗ್ರಾಂ ಡೊಲುಟೆಗ್ರಾವಿರ್. ಮೂರರ ಮೊದಲಕ್ಷರಗಳನ್ನು ಸೇರಿಸಿ ವೈದ್ಯರೂ ಆಪ್ತಸಮಾಲೋಚಕರೂ ಅದನ್ನು ‘ಟಿಎಲ್‌ಡಿ’ ಎನ್ನುತ್ತಾರೆ. ಮೊದಲನೆಯದು ಮೂತ್ರಪಿಂಡದ ವಿಷಯ ಬಂದಾಗ ಚರ್ಚೆಗೆ ಬರುತ್ತದೆ. ಮೂರನೆಯದು ಹೊಸದು ಮತ್ತು ಬಲಿಷ್ಠವೆಂದು ಹೆಸರಾಗಿದೆ. ನಡುವಿನ ಲ್ಯಾಮಿವುಡಿನ್ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡುವುದಿಲ್ಲ. ಆದರೆ ಹಲವು ಔಷಧಿಗಳನ್ನು ಒಟ್ಟಿಗೇ ಏಕೆ ಕೊಡುತ್ತಾರೆ, ಒಂದೇ ಒಂದು ಏಕೆ ಸಾಲದು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ನನಗನ್ನಿಸುತ್ತದೆ. ಏಕೆಂದರೆ ಲ್ಯಾಮಿವುಡಿನ್ ಒಂಟಿಯಾಗಿ ಸುಲಭವಾಗಿ ಸೋಲುವ ಔಷಧಿ. ವೈರಸ್ಸು ತನ್ನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರವನ್ನು ಬದಲಿಸಿಕೊಂಡರೆ ಸಾಕು, ಇದರ ಪ್ರಭಾವ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಾಗಿದ್ದೂ 1995ರಿಂದ ಇಂದಿನವರೆಗೆ ಅದು ಚಿಕಿತ್ಸೆಯ ಕೇಂದ್ರದಲ್ಲೇ ಉಳಿದಿದೆ.

ಮೊದಲು ಅದು ಮಾಡುವ ಕೆಲಸವನ್ನು ನೋಡೋಣ. ಎಚ್‌ಐವಿಯ ವಂಶವಾಹಿ ಆರ್‌ಎನ್‌ಎ ರೂಪದಲ್ಲಿರುತ್ತದೆ. ನಮ್ಮ ಜೀವಕೋಶಗಳದ್ದು ಡಿಎನ್‌ಎ. ನಮ್ಮ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶವನ್ನು ಹೊಕ್ಕ ವೈರಸ್ಸು ಅಲ್ಲಿ ನೆಲೆಯೂರಬೇಕಾದರೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿ, ಆ ನಕಲನ್ನು ನಮ್ಮ ವಂಶವಾಹಿಯೊಳಗೆ ಸೇರಿಸಬೇಕು. ಈ ನಕಲು ಕೆಲಸಕ್ಕೆ ಅದು ತನ್ನದೇ ಆದ ಒಂದು ಕಿಣ್ವವನ್ನು ಜೊತೆಗೆ ತಂದಿರುತ್ತದೆ. ಅದರ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಡಿಎನ್‌ಎ ಎಂಬುದು ನಾಲ್ಕು ಬಗೆಯ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಸರಪಳಿಯಂತೆ. ಪ್ರತಿ ಕೊಂಡಿಗೂ ಎರಡು ತುದಿಗಳಿವೆ: ಹಿಂದಿನ ಕೊಂಡಿಗೆ ಸೇರಿಕೊಳ್ಳಲು ಒಂದು, ಮುಂದಿನ ಕೊಂಡಿಗೆ ಜಾಗ ಕೊಡಲು ಇನ್ನೊಂದು. ಲ್ಯಾಮಿವುಡಿನ್ ಈ ನಾಲ್ಕರಲ್ಲಿ ‘ಸಿ’ ಎಂದು ಗುರುತಿಸುವ ಸೈಟಿಡಿನ್ ಕೊಂಡಿಯನ್ನು ಹೋಲುತ್ತದೆ. ಕಿಣ್ವವು ಅದನ್ನು ನಿಜವಾದ ಕೊಂಡಿಯೆಂದು ನಂಬಿ ಸರಪಳಿಗೆ ಸಿಕ್ಕಿಸುತ್ತದೆ. ಆದರೆ ಅದಕ್ಕೆ ಮುಂದಿನ ತುದಿ ಇಲ್ಲ; ಆ ತುದಿಯಿರಬೇಕಾದ ಜಾಗದಲ್ಲಿ ರಸಾಯನ ವಿಜ್ಞಾನಿಗಳು ಇಂಗಾಲದ ಬದಲು ಒಂದು ಗಂಧಕದ ಪರಮಾಣುವನ್ನು ಕೂರಿಸಿದ್ದಾರೆ. ಮುಂದಿನ ಕೊಂಡಿಗೆ ಹಿಡಿತ ಸಿಗದೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ, ಅರ್ಧಕ್ಕೆ ನಿಂತ ನಕಲಿನಿಂದ ವೈರಸ್ಸಿಗೆ ಪ್ರಯೋಜನವಿಲ್ಲ. ಈ ಔಷಧಿಗಿರುವ ‘3ಟಿಸಿ’ ಎಂಬ ಚುಟುಕು ಹೆಸರೂ ಆ ಗಂಧಕದಿಂದಲೇ ಬಂದದ್ದು: ಮೂರನೆಯ ಸ್ಥಾನದಲ್ಲಿ ಗಂಧಕವಿರುವ ಸೈಟಿಡಿನ್ ಎಂದು ಅದರ ಅರ್ಥ.

ಇದರ ಹಿಂದೆ ಎಡ ಬಲಗಳ ಒಂದು ಕಥೆಯಿದೆ, ಅದನ್ನು ಬಿಟ್ಟರೆ ಈ ಔಷಧಿ ದೇಹಕ್ಕೆ ಏಕೆ ಇಷ್ಟು ಹಗುರವೆಂಬುದು ತಿಳಿಯುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಬರ್ನಾರ್ಡ್ ಬೆಲ್ಲೋ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ಈ ಅಣುವನ್ನು ರೂಪಿಸಿದರು. 1989ರಲ್ಲಿ ಅದೇ ಊರಿನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಅದರ ಸುದ್ದಿ ಹೊರಬಿತ್ತು. ಬೆಲ್ಲೋ ಅದೇ ವರ್ಷ ತೀರಿಕೊಂಡರು, ತಮ್ಮ ಅಣು ಔಷಧಿಯಾದುದನ್ನು ಅವರು ನೋಡಲಿಲ್ಲ. ಅವರು ಮೊದಲು ತಯಾರಿಸಿದ್ದು ಎರಡು ರೂಪಗಳ ಮಿಶ್ರಣವಾಗಿತ್ತು. ಎಡಗಾಲಿನ ಚಪ್ಪಲಿ ಮತ್ತು ಬಲಗಾಲಿನ ಚಪ್ಪಲಿಗಳಂತೆ ಆ ಎರಡು ರೂಪಗಳಲ್ಲಿ ಪರಮಾಣುಗಳೆಲ್ಲ ಒಂದೇ, ಜೋಡಣೆ ಮಾತ್ರ ಕನ್ನಡಿಯ ಬಿಂಬದಂತೆ ತಿರುವುಮುರುವು. ನಮ್ಮ ದೇಹದಲ್ಲಿರುವ ಇಂಥ ಕೊಂಡಿಗಳೆಲ್ಲ ಬಲಗಾಲಿನ ಚಪ್ಪಲಿಗಳೆಂದು ಇಟ್ಟುಕೊಂಡರೆ, ಔಷಧಿಯಾಗುವುದೂ ಬಲಗಾಲಿನದೇ ಇರಬೇಕು ಎಂದು ಊಹಿಸುವುದು ಸಹಜ. ಆದರೆ ಎರಡನ್ನೂ ಬೇರ್ಪಡಿಸಿ ಪರೀಕ್ಷಿಸಿದಾಗ ಎಡಗಾಲಿನದೂ ವೈರಸ್ಸನ್ನು ಚೆನ್ನಾಗಿ ತಡೆಯಿತು, ಮತ್ತು ಮನುಷ್ಯನ ಕೋಶಗಳಿಗೆ ಅದು ಮಾಡಿದ ಹಾನಿ ಬಹಳ ಕಡಿಮೆಯಿತ್ತು. ವೈರಸ್ಸಿನ ಕಿಣ್ವ ಎಡ ಬಲ ನೋಡದೆ ಸಿಕ್ಕಿದ್ದನ್ನು ಸಿಕ್ಕಿಸುತ್ತದೆ. ನಮ್ಮ ಕೋಶಗಳಲ್ಲಿ, ಅದರಲ್ಲೂ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳಲ್ಲಿ, ಡಿಎನ್‌ಎ ಕಟ್ಟುವ ಕಿಣ್ವಗಳು ಎಡಗಾಲಿನದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆ ಎಡಗಾಲಿನ ರೂಪವೇ ಲ್ಯಾಮಿವುಡಿನ್. ಇದೇ ಗುಂಪಿನ ಹಳೆಯ ಔಷಧಿಗಳು ರಕ್ತಹೀನತೆ, ನರಗಳ ಉರಿ, ಮುಖದ ಕೊಬ್ಬು ಕರಗುವಿಕೆ ಮುಂತಾದ ತೊಂದರೆಗಳನ್ನು ಕೊಟ್ಟಿದ್ದರೆ, ಲ್ಯಾಮಿವುಡಿನ್‌ನಿಂದ ಸಾಮಾನ್ಯವಾಗಿ ಕಾಣುವುದು ತಲೆನೋವು, ವಾಕರಿಕೆ, ಆಯಾಸದಂಥವು ಮಾತ್ರ, ಅವೂ ಹೆಚ್ಚಿನವರಲ್ಲಿ ಕಾಣುವುದಿಲ್ಲ.

ನುಂಗಿದ ಲ್ಯಾಮಿವುಡಿನ್‌ನಲ್ಲಿ ಶೇಕಡ 80ಕ್ಕಿಂತ ಹೆಚ್ಚು ಭಾಗ ರಕ್ತಕ್ಕೆ ಸೇರುತ್ತದೆ. ಊಟದ ಮುಂಚೆಯೋ ಆಮೇಲೋ ಎಂಬ ಕಟ್ಟುಪಾಡಿಲ್ಲ. ಆದರೆ ರಕ್ತದಲ್ಲಿರುವ ಲ್ಯಾಮಿವುಡಿನ್ ಇನ್ನೂ ಆಯುಧವಲ್ಲ. ಅದು ಕೋಶದೊಳಗೆ ಹೋಗಿ, ನಮ್ಮ ಕೋಶದ ಕಿಣ್ವಗಳೇ ಅದಕ್ಕೆ ಒಂದೊಂದಾಗಿ ಮೂರು ಫಾಸ್ಫೇಟುಗಳನ್ನು ಅಂಟಿಸಿದ ಮೇಲಷ್ಟೇ ಕೆಲಸಕ್ಕೆ ಸಿದ್ಧವಾಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಐದರಿಂದ ಏಳು ಗಂಟೆಗಳಲ್ಲಿ ಅರ್ಧಕ್ಕಿಳಿದರೂ, ಕೋಶದೊಳಗಿನ ಸಿದ್ಧರೂಪ ಅರ್ಧಕ್ಕಿಳಿಯಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ದಿನಕ್ಕೊಂದೇ ಸಲ ನುಂಗಿದರೆ ಸಾಕೆನ್ನುವುದಕ್ಕೆ ಆಧಾರ ಇದು. ಹೊರಹೋಗುವ ದಾರಿ ಮುಖ್ಯವಾಗಿ ಮೂತ್ರಪಿಂಡ. ಬಹುಪಾಲು ಯಾವ ಮಾರ್ಪಾಟೂ ಆಗದೆ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಮೂತ್ರಪಿಂಡದ ಶಕ್ತಿ ತೀರ ಕುಗ್ಗಿದವರಿಗೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಮತ್ತು ಅಂಥವರಿಗೆ ಮೂರೂ ಸೇರಿದ ಮಾತ್ರೆ ಹೊಂದದೆ ಬಿಡಿ ಮಾತ್ರೆಗಳು ಬೇಕಾಗಬಹುದು. ಲಿವರ್ ಎಂದೇ ನಾವು ಕರೆಯುವ ಯಕೃತ್ತಿನ ಕಿಣ್ವಗಳ ಗೊಡವೆಗೆ ಲ್ಯಾಮಿವುಡಿನ್ ಅಷ್ಟಾಗಿ ಹೋಗುವುದಿಲ್ಲವಾದ್ದರಿಂದ ಬೇರೆ ಔಷಧಿಗಳೊಂದಿಗೆ ಅದರ ಜಗಳವೂ ಕಡಿಮೆ. ಟಿಎಲ್‌ಡಿ ನುಂಗುವವರಿಗೆ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ, ಆಮ್ಲಶಾಮಕ ಔಷಧಿಗಳ ವೇಳೆಯ ಬಗ್ಗೆ ಹೇಳುವ ಎಚ್ಚರಿಕೆ, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವಾಗ ಸೇರಿಸುವ ಹೆಚ್ಚುವರಿ ಮಾತ್ರೆ, ಇವೆರಡೂ ಡೊಲುಟೆಗ್ರಾವಿರ್‌ಗೆ ಸಂಬಂಧಿಸಿದವು, ಲ್ಯಾಮಿವುಡಿನ್‌ಗಲ್ಲ.

ಇಷ್ಟು ಸೌಮ್ಯವೂ ಸರಳವೂ ಆದ ಔಷಧಿ ಒಂಟಿಯಾಗಿ ಏಕೆ ಸೋಲುತ್ತದೆ? ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಅಮೈನೊ ಆಮ್ಲಗಳ ಒಂದು ಉದ್ದ ಸರ. ಅದರ 184ನೆಯ ಸ್ಥಾನದಲ್ಲಿ ಮಿಥಿಯೋನಿನ್ ಎಂಬ ಅಮೈನೊ ಆಮ್ಲವಿರುತ್ತದೆ, ಮತ್ತು ಆ ಸ್ಥಾನ ಕೊಂಡಿಗಳನ್ನು ಸಿಕ್ಕಿಸುವ ಜಾಗದ ಮಗ್ಗುಲಲ್ಲೇ ಇದೆ. ವಂಶವಾಹಿಯಲ್ಲಿ ಒಂದು ‘ಎ’ ಇದ್ದಲ್ಲಿ ‘ಜಿ’ ಬಂದರೆ ಮಿಥಿಯೋನಿನ್ ಹೋಗಿ ವ್ಯಾಲೀನ್ ಬರುತ್ತದೆ. ಪರಿಣತರು ಇದನ್ನು ‘ಎಂ184ವಿ’ ಎಂದು ಬರೆಯುತ್ತಾರೆ. ವ್ಯಾಲೀನ್‌ನ ಆಕಾರದಲ್ಲಿ ಹೊರಚಾಚಿದ ಒಂದು ಕವಲಿದ್ದು, ಅದು ಎಡಗಾಲಿನ ರೂಪದ ಲ್ಯಾಮಿವುಡಿನ್‌ಗೆ ಅಡ್ಡ ನಿಲ್ಲುತ್ತದೆ. ಸಹಜವಾದ ಕೊಂಡಿಗಳಿಗೆ ಮಾತ್ರ ಜಾಗ ಉಳಿಯುತ್ತದೆ. ನಮ್ಮ ಕೋಶಗಳನ್ನು ಕಾಪಾಡಿದ ಆ ಎಡ ಬಲದ ವ್ಯತ್ಯಾಸವನ್ನೇ ವೈರಸ್ಸೂ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ ಎಂದಾಯಿತು. ಲ್ಯಾಮಿವುಡಿನ್ ಒಂದನ್ನೇ ಕೊಟ್ಟ ಆರಂಭದ ಪ್ರಯೋಗಗಳಲ್ಲಿ ಕೆಲವೇ ವಾರಗಳೊಳಗೆ ಇಂಥ ವೈರಸ್ಸುಗಳು ಮೇಲುಗೈ ಪಡೆದವು.

ವೈರಸ್ಸಿಗೆ ಬುದ್ಧಿಯಿಲ್ಲ; ಅದು ಯೋಚಿಸಿ ಮಾಡುವ ಬದಲಾವಣೆ ಇದಲ್ಲ. ಲೆಕ್ಕವೇ ಎಲ್ಲವನ್ನೂ ಹೇಳುತ್ತದೆ. ಚಿಕಿತ್ಸೆಯಿಲ್ಲದ ವ್ಯಕ್ತಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ. ವೈರಸ್ಸಿನ ವಂಶವಾಹಿ ಸುಮಾರು 9,700 ಅಕ್ಷರಗಳಷ್ಟು ಉದ್ದ, ಮತ್ತು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಸರಾಸರಿ ಮೂರು ಪ್ರತಿಗಳಿಗೊಂದು ತಪ್ಪಾಗುತ್ತದೆ ಎಂದು ಇಟ್ಟುಕೊಳ್ಳಬಹುದು. ಹಾಗೆ ನೋಡಿದರೆ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ನಿರ್ದಿಷ್ಟ ಅಕ್ಷರ ಬದಲಾಗುವ ಸಾಧ್ಯತೆ ಅಂದಾಜು ಲಕ್ಷಕ್ಕೆ ಒಂದು. ಸಾವಿರ ಕೋಟಿಯ ಮುಂದೆ ಲಕ್ಷ ಬಲು ಸಣ್ಣ ಸಂಖ್ಯೆ. ಹುಟ್ಟಿದ ಕಣಗಳಲ್ಲಿ ಹೊಸ ಕೋಶವನ್ನು ಹೊಗುವವು ಸಣ್ಣ ಪಾಲು ಮಾತ್ರ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಎಂ184ವಿ ಹೊತ್ತ ವೈರಸ್ಸುಗಳು ಮಾತ್ರೆಯ ಮೊದಲ ದಿನಕ್ಕೂ ಮುಂಚೆಯೇ ದೇಹದಲ್ಲಿ ಎಲ್ಲೋ ಹುಟ್ಟಿರುತ್ತವೆ. ಲ್ಯಾಮಿವುಡಿನ್ ಅವನ್ನು ಸೃಷ್ಟಿಸುವುದಿಲ್ಲ, ಅವುಗಳಿಗೆ ಪೈಪೋಟಿ ಕೊಡುತ್ತಿದ್ದ ಉಳಿದವನ್ನು ಅಳಿಸಿ ಅವುಗಳ ಹಾದಿ ತೆರವು ಮಾಡುತ್ತದೆ.

ಈಗ ಬೇರೆ ಬೇರೆ ಬದಲಾವಣೆ ಬೇಡುವ ಎರಡು ಔಷಧಿಗಳನ್ನು ಕೊಟ್ಟೆವೆನ್ನಿ. ಎರಡೂ ಬದಲಾವಣೆಗಳು ಒಂದೇ ಪ್ರತಿಯಲ್ಲಿ ಕೂಡಿಬರುವ ಸಾಧ್ಯತೆ ಲಕ್ಷವನ್ನು ಲಕ್ಷದಿಂದ ಗುಣಿಸಿದಷ್ಟಕ್ಕೆ ಒಂದು, ಅಂದರೆ ಸಾವಿರ ಕೋಟಿಗೆ ಒಂದು. ದಿನಕ್ಕೆ ಹುಟ್ಟುವ ಕಣಗಳ ಸಂಖ್ಯೆಯೂ ಅದೇ ಸಾವಿರ ಕೋಟಿ! ಎರಡೇ ಔಷಧಿ ಕೊಡುತ್ತಿದ್ದ ಕಾಲದಲ್ಲಿ ಅವು ವೈರಸ್ಸನ್ನು ಕೆಲಕಾಲ ಹಿಡಿದಿಟ್ಟು ಆಮೇಲೆ ಕೈಚೆಲ್ಲುತ್ತಿದ್ದುದರ ಕಾರಣ ಈ ಸಮೀಪದ ಪೈಪೋಟಿಯಲ್ಲಿದೆ. ಮೂರನೆಯದು ಸೇರಿದರೆ ಸಾಧ್ಯತೆ ಹತ್ತು ಕೋಟಿ ಕೋಟಿಗೆ ಒಂದಕ್ಕೆ ಇಳಿಯುತ್ತದೆ, ಜೊತೆಗೆ ವೈರಸ್ಸಿನ ಹುಟ್ಟೇ ನಿಲ್ಲುತ್ತಾ ಬರುವುದರಿಂದ ತಪ್ಪು ಮಾಡುವ ಅವಕಾಶವೂ ಕುಗ್ಗುತ್ತದೆ. ಇದು ಒರಟು ಲೆಕ್ಕ, ನಿಜ. ದೇಹದಲ್ಲಿ ನಡೆಯುವುದು ಇದಕ್ಕಿಂತ ಜಟಿಲ. ಆದರೆ 1997ರಲ್ಲಿ ಪ್ರಕಟವಾದ, 1,156 ಮಂದಿ ಭಾಗವಹಿಸಿದ್ದ ಅಮೆರಿಕದ ಒಂದು ಪ್ರಯೋಗ ಇದೇ ದಿಕ್ಕಿನಲ್ಲಿ ಸಾಕ್ಷಿ ನುಡಿಯಿತು. ಅಲ್ಲಿ ಒಂದು ಗುಂಪಿಗೆ ಜಿಡೊವುಡಿನ್ ಮತ್ತು ಲ್ಯಾಮಿವುಡಿನ್ ಎಂಬ ಎರಡನ್ನು, ಇನ್ನೊಂದಕ್ಕೆ ಅವೆರಡರ ಜೊತೆಗೆ ಇಂಡಿನಾವಿರ್ ಎಂಬ ಮೂರನೆಯದನ್ನು ಕೊಟ್ಟರು. ಏಡ್ಸ್ ಹಂತಕ್ಕೆ ಜಾರಿದವರು ಅಥವಾ ತೀರಿಕೊಂಡವರು ಎರಡರ ಗುಂಪಿನಲ್ಲಿ ಶೇಕಡ 11, ಮೂರರ ಗುಂಪಿನಲ್ಲಿ ಶೇಕಡ 6. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಮಾತ್ರೆ ತಪ್ಪಿಸಬೇಡಿ ಎಂದು ಎಆರ್‌ಟಿ ಕೇಂದ್ರದಲ್ಲಿ ಮತ್ತೆ ಮತ್ತೆ ಹೇಳುವುದು ಈ ಲೆಕ್ಕದ ಬಲದ ಮೇಲೆಯೇ. ಪದೇ ಪದೇ ಬಿಟ್ಟುಬಿಟ್ಟು ನುಂಗಿದಾಗ ಮೂರು ಔಷಧಿಗಳೂ ಒಂದೇ ವೇಗದಲ್ಲಿ ದೇಹದಿಂದ ಇಳಿಯುವುದಿಲ್ಲ. ಕೆಲವು ದಿನಗಳ ಮಟ್ಟಿಗೆ ವೈರಸ್ಸಿನ ಎದುರು ಒಂದೇ ಔಷಧಿ ಉಳಿಯುವ ಸ್ಥಿತಿ ಬರುತ್ತದೆ, ಆಗ ಲಕ್ಷಕ್ಕೊಂದರ ಲೆಕ್ಕವೇ ಮತ್ತೆ ಚಾಲ್ತಿಗೆ ಬರುತ್ತದೆ.

ಲ್ಯಾಮಿವುಡಿನ್ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ಭಾಗ ಅದು ಸೋತ ನಂತರದ್ದು. ಎಂ184ವಿ ಪಡೆದ ವೈರಸ್ಸು ಲ್ಯಾಮಿವುಡಿನ್‌ನಿಂದ ತಪ್ಪಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಬೆಲೆ ತೆರುತ್ತದೆ. ಬದಲಾದ ಕಿಣ್ವ ಮೊದಲಿನಷ್ಟು ಚುರುಕಾಗಿ ನಕಲು ಮಾಡಲಾರದು, ಆದ್ದರಿಂದ ವೈರಸ್ಸು ದುರ್ಬಲವಾಗುತ್ತದೆ. ಅಷ್ಟೇ ಅಲ್ಲ, ಅದೇ ಬದಲಾವಣೆಯಿಂದ ಟೆನೊಫೋವಿರ್ ಮತ್ತು ಜಿಡೊವುಡಿನ್‌ಗಳಿಗೆ ವೈರಸ್ಸು ಹೆಚ್ಚು ಸುಲಭವಾಗಿ ಬಗ್ಗುತ್ತದೆ. ಒಂದು ಬಾಗಿಲು ಮುಚ್ಚಿಕೊಂಡ ರಭಸಕ್ಕೆ ಇನ್ನೊಂದು ಬಾಗಿಲು ತೆರೆದುಕೊಂಡಂತೆ. 2006ರಲ್ಲಿ ಇಟಲಿಯ ಸಂಶೋಧಕರು, ಚಿಕಿತ್ಸೆ ಫಲಿಸದೆ ಎಂ184ವಿ ಹೊತ್ತಿದ್ದವರಲ್ಲಿ ಒಂದು ಗುಂಪಿಗೆ ಎಲ್ಲ ಔಷಧಿಗಳನ್ನೂ ನಿಲ್ಲಿಸಿ, ಇನ್ನೊಂದು ಗುಂಪಿಗೆ ಲ್ಯಾಮಿವುಡಿನ್ ಒಂದನ್ನೇ ಮುಂದುವರಿಸಿ ಹೋಲಿಸಿದರು. ಪ್ರಯೋಗಾಲಯದ ವರದಿಯ ಪ್ರಕಾರ ಆ ಔಷಧಿ ಇವರಲ್ಲಿ ಕೆಲಸ ಮಾಡುವಂತೆಯೇ ಇರಲಿಲ್ಲ. ಆದರೂ ಅದನ್ನು ಮುಂದುವರಿಸಿದವರ ಸ್ಥಿತಿ ಏನನ್ನೂ ತೆಗೆದುಕೊಳ್ಳದವರಿಗಿಂತ ನಿಧಾನವಾಗಿ ಕುಸಿಯಿತು, ಏಕೆಂದರೆ ಲ್ಯಾಮಿವುಡಿನ್ ಇರುವವರೆಗೆ ವೈರಸ್ಸು ತನ್ನ ದುರ್ಬಲ ರೂಪವನ್ನು ಬಿಟ್ಟುಕೊಡುವಂತಿಲ್ಲ. ಹಾಗೆಂದು ಲ್ಯಾಮಿವುಡಿನ್ ಒಂದನ್ನೇ ಚಿಕಿತ್ಸೆಯಾಗಿ ಯಾರೂ ನೆಚ್ಚಿಕೊಳ್ಳಬಾರದು. ಆ ಪ್ರಯೋಗದಿಂದ ತಿಳಿಯುವುದು ಇಷ್ಟೇ: ಮೊದಲ ಸಾಲಿನ ಚಿಕಿತ್ಸೆ ಫಲಿಸದೆ ಎರಡನೆಯ ಸಾಲಿಗೆ ಹೋದಾಗಲೂ ವೈದ್ಯರು ಲ್ಯಾಮಿವುಡಿನ್ ಉಳಿಸಿಕೊಳ್ಳುವುದು ಮರೆವಿನಿಂದಲ್ಲ, ಲೆಕ್ಕಾಚಾರದಿಂದ.

ಅದರ ಜೊತೆಗಾರರು ಕಾಲಕಾಲಕ್ಕೆ ಬದಲಾದುದನ್ನು ನೋಡಿದರೆ ಈ ಬಾಳಿಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಭಾರತದಲ್ಲಿ 1970ರ ಪೇಟೆಂಟ್ ಕಾಯಿದೆ ಔಷಧಿಯ ತಯಾರಿಕಾ ವಿಧಾನಕ್ಕಷ್ಟೇ ಪೇಟೆಂಟ್ ಕೊಡುತ್ತಿತ್ತು, ಔಷಧಿಗೇ ಅಲ್ಲ. ಬೇರೆ ವಿಧಾನದಿಂದ ಅದೇ ಔಷಧಿ ಮಾಡಲು ಇಲ್ಲಿನ ಕಂಪನಿಗಳಿಗೆ ಅಡ್ಡಿಯಿರಲಿಲ್ಲ. ಆ ಅವಕಾಶದ ಬಲದಿಂದ ಮುಂಬೈನ ಸಿಪ್ಲಾ ಕಂಪನಿ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಮೂರನ್ನೂ ಸೇರಿಸಿ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ನಂತೆ ಕೊಡಲು 2001ರ ಫೆಬ್ರವರಿಯಲ್ಲಿ ಮುಂದೆ ಬಂದಿತು. ಶ್ರೀಮಂತ ದೇಶಗಳಲ್ಲಿ ಆಗ ವರ್ಷದ ಚಿಕಿತ್ಸೆಗೆ ಹತ್ತು ಸಾವಿರ ಡಾಲರ್‌ಗೂ ಮೇಲೆ ತಗಲುತ್ತಿತ್ತು. ಆಫ್ರಿಕಾದಲ್ಲಿಯೂ ನಮ್ಮಲ್ಲಿಯೂ ಲಕ್ಷಾಂತರ ಜನ ಬದುಕುಳಿದದ್ದರಲ್ಲಿ ಈ ಬೆಲೆ ಇಳಿತಕ್ಕೆ ದೊಡ್ಡ ಪಾತ್ರವಿದೆ. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯಲ್ಲಿ ಮೊದಲು ಶುರುವಾದ ಆ ಕಾರ್ಯಕ್ರಮದಲ್ಲಿ ಕರ್ನಾಟಕವೂ ಇತ್ತು. ಆ ದಿನಗಳ ಸ್ಟಾವುಡಿನ್ ಕೆನ್ನೆಯ ಕೊಬ್ಬು ಕರಗಿಸಿ, ಪಾದಗಳಲ್ಲಿ ಉರಿ ತಂದು, ಕೊನೆಗೆ ಪಟ್ಟಿಯಿಂದ ಹೊರಗೆ ಹೋಯಿತು. ಕೆನ್ನೆ ಬತ್ತಿದ ಮುಖ ನೋಡಿಯೇ ಊರಿನವರು ರೋಗವನ್ನು ಊಹಿಸುವಂತಾದ ಆ ಸಂಕಟವನ್ನು ಅನುಭವಿಸಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಜಿಡೊವುಡಿನ್ ಕೆಲವರಲ್ಲಿ ರಕ್ತಹೀನತೆ ತಂದಿತು. ನೆವಿರಾಪಿನ್ ಚರ್ಮಕ್ಕೂ ಲಿವರಿಗೂ ತೊಂದರೆ ಕೊಡುತ್ತಿತ್ತು, ಆಮೇಲೆ ಬಂದ ಎಫಾವಿರೆಂಜ್ ಕೆಟ್ಟ ಕನಸು, ತಲೆಸುತ್ತು ತರುತ್ತಿತ್ತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಆಧಾರಿತ ಚಿಕಿತ್ಸೆಯನ್ನು ಮೊದಲ ಆಯ್ಕೆಯೆಂದು ಶಿಫಾರಸು ಮಾಡಿತು. ಈ ಎಲ್ಲ ಪಟ್ಟಿಗಳಲ್ಲೂ ಲ್ಯಾಮಿವುಡಿನ್ ಇತ್ತು. ಅದರ ಜಾಗದಲ್ಲಿ ಬರಬಹುದಾದ ಎಮ್‌ಟ್ರಿಸಿಟಾಬಿನ್ ಕೂಡ, ಒಂದು ಫ್ಲೋರಿನ್ ಪರಮಾಣು ಸೇರಿದ ಲ್ಯಾಮಿವುಡಿನ್ ಎನ್ನಬಹುದಾದಷ್ಟು ಅದಕ್ಕೆ ಹತ್ತಿರದ್ದು.

ಇಷ್ಟೆಲ್ಲ ಇದ್ದೂ ಮಾತ್ರೆಯನ್ನು ಜೀವನಪೂರ್ತಿ ಏಕೆ ನುಂಗಬೇಕೆಂಬ ಪ್ರಶ್ನೆಗೂ ಉತ್ತರ ಅದರ ಕೆಲಸದ ರೀತಿಯಲ್ಲೇ ಸಿಗುತ್ತದೆ. ಲ್ಯಾಮಿವುಡಿನ್ ತಡೆಯುವುದು ಹೊಸ ಕೋಶದಲ್ಲಿ ನಡೆಯುವ ಹೊಸ ನಕಲನ್ನು. ಎಂದೋ ನಕಲಾಗಿ, ಕೋಶದ ವಂಶವಾಹಿಯೊಳಗೆ ಸೇರಿ, ಸದ್ದಿಲ್ಲದೆ ಮಲಗಿರುವ ವೈರಸ್ಸಿನ ಡಿಎನ್‌ಎಯನ್ನು ಅದು ಮುಟ್ಟಲಾರದು. ಅದರ ಜೊತೆಗಾರರೂ ಮುಟ್ಟಲಾರವು. ಅಂಥ ಕೋಶಗಳು ವರ್ಷಗಟ್ಟಲೆ ಬದುಕುತ್ತವೆ. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಖಚಿತವಾಗಿದೆ. ಆದರೆ ಔಷಧಿ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಸ್ಸು ಮತ್ತೆ ರಕ್ತಕ್ಕೆ ಬರುತ್ತದೆ.

ಇತ್ತೀಚೆಗೆ ಡೊಲುಟೆಗ್ರಾವಿರ್ ಮತ್ತು ಲ್ಯಾಮಿವುಡಿನ್ ಎರಡೇ ಇರುವ ಮಾತ್ರೆಯೂ ಬಂದಿದೆ. ಅಮೆರಿಕದಲ್ಲಿ ಅದಕ್ಕೆ 2019ರಲ್ಲಿ ಅನುಮತಿ ದೊರೆಯಿತು. ಹಾಗಾದರೆ ಮೇಲೆ ಹೇಳಿದ ಮೂರರ ಲೆಕ್ಕ ಸುಳ್ಳಾಯಿತೇ? ಇಲ್ಲ. ಲೆಕ್ಕಕ್ಕೆ ಬರುವುದು ಔಷಧಿಗಳ ಸಂಖ್ಯೆಯಲ್ಲ, ವೈರಸ್ಸು ದಾಟಬೇಕಾದ ತಡೆಗಳ ಸಂಖ್ಯೆ. ಡೊಲುಟೆಗ್ರಾವಿರ್‌ನಿಂದ ತಪ್ಪಿಸಿಕೊಳ್ಳಲು ಸಾಮಾನ್ಯವಾಗಿ ಒಂದು ಬದಲಾವಣೆ ಸಾಲದು, ಹಲವು ಬೇಕು. ಅದೊಂದೇ ಒಂದಕ್ಕಿಂತ ಹೆಚ್ಚು ಔಷಧಿಗಳ ಜಾಗ ತುಂಬುತ್ತದೆ. ಆದರೆ ಆ ಎರಡರ ಮಾತ್ರೆಗೆ ಒಂದು ಮುಖ್ಯ ಷರತ್ತಿದೆ: ಅದನ್ನು ತೆಗೆದುಕೊಳ್ಳುವವರಿಗೆ ಹೆಪಟೈಟಿಸ್ ಬಿ ಇರಬಾರದು.

ಈ ಷರತ್ತಿನ ಹಿಂದಿನ ಕಾರಣ ಟಿಎಲ್‌ಡಿ ನುಂಗುವವರಿಗೂ ತಿಳಿದಿರಬೇಕು. ಲಿವರಿನ ಸೋಂಕಾದ ಹೆಪಟೈಟಿಸ್ ಬಿ ವೈರಸ್ಸು ಕೂಡ ತನ್ನ ಜೀವನಚಕ್ರದಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎಗೆ ನಕಲು ಮಾಡುತ್ತದೆ, ಹಾಗಾಗಿ ಲ್ಯಾಮಿವುಡಿನ್ ಅದನ್ನೂ ತಡೆಯುತ್ತದೆ. 1998ರಲ್ಲಿ ಆ ಕಾಯಿಲೆಗೂ ಅದಕ್ಕೆ ಅನುಮತಿ ಸಿಕ್ಕಿತು, ಪ್ರಮಾಣ ಮಾತ್ರ ದಿನಕ್ಕೆ 100 ಮಿಲಿಗ್ರಾಂ. ಅಲ್ಲಿಯೂ ಅದೇ ಬಗೆಯ ಸೋಲು ಕಾದಿತ್ತು. ಲ್ಯಾಮಿವುಡಿನ್ ಒಂದನ್ನೇ ಐದು ವರ್ಷ ತೆಗೆದುಕೊಂಡವರಲ್ಲಿ ಬಹುಪಾಲು ಜನರ ವೈರಸ್ಸು ಅದಕ್ಕೆ ಬಗ್ಗದಂತಾಯಿತು. ಎರಡೂ ಸೋಂಕುಗಳಿರುವವರಿಗೆ ಟಿಎಲ್‌ಡಿ ಒಳ್ಳೆಯ ಆಯ್ಕೆಯಾಗಿರುವುದು ಅದರಲ್ಲಿರುವ ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿಯನ್ನು ಹಿಡಿದಿಡುವುದರಿಂದ. ಇಂಥವರು ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ, ಎಚ್‌ಐವಿ ಹೆಚ್ಚುವುದರ ಜೊತೆಗೆ, ಹೆಪಟೈಟಿಸ್ ಬಿ ಒಮ್ಮೆಲೇ ಉಲ್ಬಣಿಸಿ ಲಿವರಿಗೆ ಪ್ರಾಣಾಪಾಯದ ಮಟ್ಟದ ಹಾನಿಯಾಗಬಹುದು. ಮೂತ್ರಪಿಂಡದ ಕಾರಣಕ್ಕೋ ಬೇರೆ ಕಾರಣಕ್ಕೋ ವೈದ್ಯರು ಟೆನೊಫೋವಿರ್ ಬದಲಿಸುವಾಗ ಹೆಪಟೈಟಿಸ್ ಬಿ ವರದಿಯನ್ನು ಕೇಳುವುದು ಅದಕ್ಕೇ. ಅವರು ಕೇಳದಿದ್ದರೆ ನೀವೇ ನೆನಪಿಸಿ. ಇದರ ಇನ್ನೊಂದು ಮುಖವೂ ಇದೆ. ಹೆಪಟೈಟಿಸ್ ಬಿಗೆಂದು ಯಾರಿಗಾದರೂ ಲ್ಯಾಮಿವುಡಿನ್ ಬರೆದುಕೊಡುವ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು. ಗೊತ್ತಿಲ್ಲದ ಎಚ್‌ಐವಿ ಸೋಂಕು ಒಳಗಿದ್ದರೆ, ಆ 100 ಮಿಲಿಗ್ರಾಂನ ಒಂಟಿ ಔಷಧಿಯ ಎದುರು ಎಂ184ವಿ ಕೆಲವು ವಾರಗಳಲ್ಲಿ ಮೇಲೆ ಬರುತ್ತದೆ, ಮತ್ತು ಮುಂದೆ ನಿಜವಾದ ಚಿಕಿತ್ಸೆ ಆರಂಭಿಸುವ ಹೊತ್ತಿಗೆ ಮೂರರಲ್ಲಿ ಒಂದು ತಡೆ ಆಗಲೇ ಬಿದ್ದುಹೋಗಿರುತ್ತದೆ.